ಶನಿಯ ಉಂಗುರ, ಅತ್ತೆಯ ಕತ್ತರಿ

ನಾನು ತೂಕದ ಮನುಷ್ಯ. ಹೊಟ್ಟೆಯಿಂದಲ್ಲ, ಹೊಟ್ಟೆಪಾಡಿನಿಂದ. ಅಂಗಡಿ, ಗೋದಾಮು, ಆಸ್ಪತ್ರೆಗಳಲ್ಲಿರುವ ತಕ್ಕಡಿಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷೆ ಮಾಡಿ, ಸುಳ್ಳು ಹೇಳುವವಕ್ಕೆ ಬುದ್ಧಿ ಹೇಳಿ ಬರುವುದು ನನ್ನ ಕೆಲಸ. ಪೆಟ್ಟಿಗೆಯ ತುಂಬ ಹೊಳೆಯುವ ತೂಕದ ಗುಂಡುಗಳಿರುತ್ತವೆ. ಅವುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆ. ನಮ್ಮ ಕಸುಬಿನ ಮೊದಲ ಪಾಠ ಒಂದೇ: ತಟ್ಟೆಯ ಮೇಲೆ ಏನನ್ನಾದರೂ ಇಡುವ ಮೊದಲು ಸೊನ್ನೆ ನೋಡು. ಖಾಲಿ ತಟ್ಟೆ ಸೊನ್ನೆ ತೋರಿಸದಿದ್ದರೆ, ಆಮೇಲೆ ಅದು ಹೇಳುವುದೆಲ್ಲ ಬೊಗಳೆ.

ಮನೆಗೆ ಬಂದರೆ ಮಾತ್ರ ನನಗೆ ತೂಕವಿಲ್ಲ. ಅಲ್ಲಿ ನನ್ನ ಹೆಸರು ಅಪ್‌ಡೇಟು. ಫೋನು, ಟಿವಿ, ಕೈಗಡಿಯಾರ, ಕಸ ಗುಡಿಸುವ ರೋಬೋ, ಯಾವುದಕ್ಕೆ ಅಪ್‌ಡೇಟ್ ಬಂದರೂ ಕೈಯಲ್ಲಿರುವ ಕಾಫಿ ಆರುವ ಮುಂಚೆ ಹಾಕಿ ಮುಗಿಸಿರುತ್ತೇನೆ.

"ಹಲ್ಲುಜ್ಜೋ ಬ್ರಷ್‌ಗೂ ಅಪ್‌ಡೇಟಾ? ಹಾಕಿದ್ರೆ ಏನು, ಹೊಸ ಹಲ್ಲು ಬರುತ್ತಾ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಅವಳು ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅವಳ ತರಗತಿಯಲ್ಲಿ ಇವತ್ತಿನವರೆಗೆ ಯಾವ ಮಗುವೂ ಸೋತಿಲ್ಲ. ಓಟದಲ್ಲಿ ಕೊನೆಗೆ ಬಂದವನಿಗೂ ನಕ್ಷತ್ರ, ಓಡದೆ ನಿಂತವನಿಗೂ ನಕ್ಷತ್ರ. ಆಕಾಶದಲ್ಲಿ ಇರುವುದಕ್ಕಿಂತ ಹೆಚ್ಚು ನಕ್ಷತ್ರಗಳು ಅವಳ ಕೈಚೀಲದಲ್ಲಿವೆ.

ನನ್ನ ಇನ್ನೊಂದು ಕಾಯಿಲೆ ಎಂದರೆ 'ಅಬ್ಬಾ'. ದಾರಿ ತೋರಿಸುವ ಫೋನು, ಭೂಮಿಯ ಸುತ್ತ ತಿರುಗುವ ಉಪಗ್ರಹಗಳೊಳಗಿನ ಗಡಿಯಾರಗಳ ಟಿಕ್ ಟಿಕ್ ಕೇಳಿಸಿಕೊಂಡು ನಾನಿರುವ ಜಾಗ ಹೇಳುತ್ತದೆ. ಆ ಗಡಿಯಾರಗಳು ಮೇಲೆ ಇರುವ ಕಾರಣಕ್ಕೆ ನಮ್ಮವಕ್ಕಿಂತ ಒಂದು ಚೂರು ಬೇಗ ಓಡುತ್ತವಂತೆ. ಆ ಚೂರನ್ನೂ ಲೆಕ್ಕ ಹಾಕಿ ಕಳೆಯುತ್ತಾರಂತೆ. ಇದನ್ನು ಓದಿದ ದಿನ ಬಸ್ಸಿನಲ್ಲೇ "ಅಬ್ಬಾ!" ಎಂದುಬಿಟ್ಟೆ. ಪಕ್ಕದವರು ಕಾಲು ತುಳಿದೆನೇನೋ ಎಂದು ಕ್ಷಮೆ ಕೇಳಿದರು. ಮನೆಯಲ್ಲಿ ಇಷ್ಟು ಮರ್ಯಾದೆ ಇಲ್ಲ. "ಅಬ್ಬಾ ಆಯ್ತಾ? ಆಯ್ತು ಅಂದ್ರೆ ಊಟಕ್ಕೆ ಬನ್ನಿ" ಅಷ್ಟೆ.

ನಮ್ಮ ಮನೆ ಮಹಡಿಯ ಮೇಲೆ. ಕೆಳಗೆ ಅತ್ತೆಯ ಟೈಲರ್ ಅಂಗಡಿ. ಅತ್ತೆ ಎಂದರೆ ಅಪ್ಪನ ಅಕ್ಕ, ನನ್ನನ್ನು ಸಾಕಿ ಬೆಳೆಸಿದವಳು. ಅಂಗಡಿಯಲ್ಲಿ ಇಬ್ಬರೇ. ಅತ್ತೆ ಕತ್ತರಿಸುವವಳು, ಮಿಷನ್ ಮಾಮ ಹೊಲಿಯುವವರು. ಮಾಮ ನಮಗೆ ರಕ್ತಸಂಬಂಧವಲ್ಲ, ಬರೀ ನೂಲಿನ ಸಂಬಂಧ. ಆದರೆ ನಮ್ಮ ಎಷ್ಟೋ ರಕ್ತಸಂಬಂಧಗಳಿಗಿಂತ ಆ ಹೊಲಿಗೆ ಗಟ್ಟಿ. ಅತ್ತೆ ಬಟ್ಟೆಗೆ ಕತ್ತರಿ ಹಾಕಿದಷ್ಟೇ ಸಲೀಸಾಗಿ ಎದುರಿಗಿದ್ದವರ ಮಾತಿಗೂ ಕತ್ತರಿ ಹಾಕುತ್ತಿದ್ದಳು. ಅವಳ ಕಪ್ಪು ಹಿಡಿಯ ದೊಡ್ಡ ಕತ್ತರಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ನನ್ನ ಗುಂಡುಗಳ ಹಾಗೆ.

ಅಂಥ ಅತ್ತೆಗೆ ಒಂದು ಬೆಳಿಗ್ಗೆ ಕೈಯೇ ಕೈ ಕೊಟ್ಟಿತು. ಕತ್ತರಿ ಎತ್ತಲು ಹೋದಾಗ ಬಲಗೈ ಬೇರೆ ಯಾರದೋ ಎಂಬಂತೆ ಮೇಜಿನ ಮೇಲೆ ಬಿದ್ದೇ ಇತ್ತು. ಮಾತು ತೊದಲಿತು. ಸ್ಟ್ರೋಕ್. ಮಾಮ ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದುಕೊಂಡಳು. ಮೊದಲು ವಾಪಸ್ ಬಂದದ್ದು ಬಾಯಿ, ಅದೂ ಬಡ್ಡಿ ಸಮೇತ. ಆಮೇಲೆ ನಡಿಗೆ. ಕೈ ಮಾತ್ರ ಹಿಂದೆ ಬಿತ್ತು.

ಡಾಕ್ಟರು ಅವಳ ಮೆದುಳಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದು ಕಾಳಿನಷ್ಟು ಕಪ್ಪು ಚುಕ್ಕೆ. ಇಷ್ಟೇನಾ ಎನಿಸಿತು ನನಗೆ. ಎಷ್ಟೋ ವರ್ಷಗಳ ಕೋಟು, ಅಂಗಿ, ಲಂಗ ಎಲ್ಲವನ್ನೂ ನುಂಗಿ ಕೂತ ಕಾಳು. "ಆ ಭಾಗ ಮತ್ತೆ ಬರಲ್ಲ. ಆದ್ರೆ ಪಕ್ಕದ ಭಾಗಗಳು ಆ ಕೆಲಸ ಕಲಿತುಕೊಳ್ಳಬಹುದು. ಕಲಿಸಬೇಕು ಅಷ್ಟೆ" ಎಂದರು ಡಾಕ್ಟರು. ನಾನು ಅಬ್ಬಾ ಎನ್ನಲಿಲ್ಲ.

ಕಲಿಸಲು ಬಂದವರು ವ್ಯಾಯಾಮದ ಡಾಕ್ಟರಮ್ಮ. ಒಂದು ಮೆತ್ತನೆಯ ಹಳದಿ ಚೆಂಡು ಕೊಟ್ಟು, ದಿನವೂ ಹಿಂಡಬೇಕು ಎಂದರು. ಅತ್ತೆ ಎರಡು ದಿನ ಹಿಂಡಿ ಕಿಟಕಿಯಾಚೆ ಎಸೆದಳು, ಎಡಗೈಯಲ್ಲಿ.

"ಹಿಂಡಿದ್ರೆ ರಸ ಬರಲ್ಲ, ಬರೀ ಬೇಜಾರು ಬರುತ್ತೆ. ನಂಗೆ ಬೇಡ ಹೋಗು."

ಆಗ ಹೊಳೆಯಿತು ನನಗೆ, ನನ್ನ ಗೇಮ್ ಪೆಟ್ಟಿಗೆ. ಡಾಕ್ಟರಮ್ಮನನ್ನು ಕೇಳಿದೆ. "ಚೆಂಡಾದ್ರೂ ಸರಿ, ಆಟ ಆದ್ರೂ ಸರಿ. ಒಟ್ಟಿನಲ್ಲಿ ಕೈ ಆಡ್ಲಿ" ಎಂದರು. ಆಡಲಿ ಎಂದ ಮೇಲೆ ಆಡಿಸದೆ ಬಿಡುವವನೇ ನಾನು?

ಆಟ ಸರಳ. ಒಂದು ಪುಟ್ಟ ಅಂತರಿಕ್ಷ ನೌಕೆ. ದೂರದಲ್ಲಿ ನಿಧಾನವಾಗಿ ತಿರುಗುತ್ತಿರುವ ನಿಲ್ದಾಣ, ಅದರ ಹೊಟ್ಟೆಯಲ್ಲೊಂದು ದುಂಡಗಿನ ಬಾಗಿಲು. ನೌಕೆಯನ್ನು ಮೆಲ್ಲಗೆ ಒಯ್ದು ಬಾಗಿಲಿಗೆ ಕೂರಿಸಬೇಕು. ಕೈಯಲ್ಲಿ ಹಿಡಿದ ಕಂಟ್ರೋಲರನ್ನು ಓರೆ ಮಾಡಿದರೆ ನೌಕೆ ಓರೆಯಾಗುತ್ತದೆ, ತೋರುಬೆರಳಿನ ಕೆಳಗಿನ ಗುಂಡಿಯನ್ನು ಎಷ್ಟು ಒತ್ತುತ್ತೀರೋ ಅಷ್ಟು ಮುಂದೆ ಹೋಗುತ್ತದೆ. ಸ್ವಲ್ಪ ಹೆಚ್ಚು ಒತ್ತಿದರೆ ಢಂ.

ಅತ್ತೆ ಕಂಟ್ರೋಲರಿಗೆ ಏಡಿ ಎಂದು ಹೆಸರಿಟ್ಟಳು. ಬೆರಳಿಗೆ ಪಟ್ಟಿ ಕಟ್ಟಿ ಏಡಿಯನ್ನು ಕೈಗೆ ಸೇರಿಸಿದೆ.

"ಏನಿದು, ತಳ್ಳಿದ್ರೆ ನಿಲ್ಲೋದೇ ಇಲ್ವಲ್ಲೋ? ನಿನ್ನ ಮಾತಿನ ಥರ."

"ಅಲ್ಲಿ ಗಾಳಿ ಇಲ್ಲ ಅತ್ತೆ, ನೆಲ ಇಲ್ಲ. ತಡೆಯೋರು ಯಾರೂ ಇಲ್ಲ. ಒಂದ್ಸಲ ತಳ್ಳಿದ್ರೆ ಹೋಗ್ತಾನೇ ಇರುತ್ತೆ."

ಅತ್ತೆ ಪರದೆಯನ್ನೇ ನೋಡಿದಳು. "ನಿಜವಾಗ್ಲೂ ಮೇಲೆ ಹಾಗೇನಾ?"

"ನಿಜವಾಗ್ಲೂ."

"ಹಾಗಾದ್ರೆ ಮೆತ್ತಗೆ ತಳ್ಳಬೇಕಪ್ಪಾ" ಎಂದಳು, ತನಗೇ ಹೇಳಿಕೊಂಡಂತೆ. ಸ್ವಲ್ಪ ಹೊತ್ತಾದ ಮೇಲೆ, "ಇದೇನು ದೊಡ್ಡ ವಿಷಯ? ಕಾಜಾಕ್ಕೆ ಗುಂಡಿ ಹಾಕೋದು ತಾನೇ!" ಎಂದಳು. ಅಂತರಿಕ್ಷದ ನಿಲ್ದಾಣ ಅವತ್ತಿನಿಂದ ಕಾಜಾ ಆಯಿತು, ನೌಕೆ ಗುಂಡಿ ಆಯಿತು. ಮನುಷ್ಯಕುಲದ ಮಹಾ ಸಾಹಸ ಒಂದು ಅಂಗಿಯ ಎದೆಗೆ ಬಂದು ಕೂತಿತು.

ಆದರೆ ಗುಂಡಿ ಕಾಜಾಕ್ಕೆ ಹೋಗಲಿಲ್ಲ. ನಡುಗುವ ಬೆರಳು ಒಮ್ಮೆ ಒತ್ತಲಾರದು, ಇನ್ನೊಮ್ಮೆ ಒತ್ತಿದ್ದನ್ನು ಬಿಡಲಾರದು. ನೌಕೆ ನಿಲ್ದಾಣಕ್ಕೆ ಬಡಿದು ಚೂರಾಗುತ್ತಿತ್ತು, ಇಲ್ಲವೇ ಪಕ್ಕದಲ್ಲೇ ಹಾದು ಕತ್ತಲಲ್ಲಿ ಕಾಣೆಯಾಗುತ್ತಿತ್ತು. ಎರಡನೇ ದಿನ ನಾನು ಕೆಲಸಕ್ಕೆ ಹೋಗಿದ್ದಾಗ ಅತ್ತೆ ಏಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸದ್ದಿಲ್ಲದೆ ಅತ್ತಳಂತೆ. ಸಂಜೆ ನಾನು ಬಂದು ನೋಡಿದರೆ ಅತ್ತೆಯ ಮುಖ ಇಷ್ಟಗಲ.

"ಹೋಯ್ತು ಕಣೋ ಗುಂಡಿ! ಲಟಕ್ ಅಂತ ಕೂತ್ಕೊಳ್ತು!"

"ಅಬ್ಬಾ!" ಎಂದೆ ನಾನು. ಹೆಂಡತಿ ಊಟಕ್ಕೆ ಕರೆಯಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಅಲ್ಲಿಂದ ಮುಂದೆ ದಿನವೂ ಆಟ. ನನ್ನ ಕುತೂಹಲ ಬೇರೆಯದೇ ಆಗಿತ್ತು. ಆ ಏಡಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಚಿಪ್ಪಿದೆ. ಅದರೊಳಗೆ ಬಾಚಣಿಗೆಯ ಹಲ್ಲುಗಳ ಹಾಗೆ ಕೆತ್ತಿದ, ಕಣ್ಣಿಗೆ ಕಾಣದ ಒಂದು ತೂಗುಮಣೆ. ಕೈ ಸ್ವಲ್ಪ ಓರೆಯಾದರೆ ಆ ತೂಗುಮಣೆ ಕೂದಲೆಳೆಯ ಎಷ್ಟನೆಯದೋ ಒಂದು ಪಾಲಿನಷ್ಟು ಜರುಗುತ್ತದೆ. ಆ ಜರುಗಿದ್ದೇ ವಿದ್ಯುತ್ತಾಗಿ, ಲೆಕ್ಕವಾಗಿ, ಪರದೆಯ ಮೇಲೆ ನೌಕೆಯ ತಿರುವಾಗುತ್ತದೆ. ನನ್ನ ತಕ್ಕಡಿಗಳೂ ಹೀಗೆಯೇ. ಎಳ್ಳುಕಾಳು ಇಟ್ಟರೂ ಒಳಗಿನ ಲೋಹ ಬಗ್ಗುತ್ತದೆ. ನಮಗೆ ಕಾಣುವುದಿಲ್ಲ, ಲೋಹಕ್ಕೆ ಗೊತ್ತಾಗುತ್ತದೆ. ಅತ್ತೆಯ ಬೆರಳಿನ ನಡುಕವನ್ನು ಡಾಕ್ಟರು 'ಸ್ವಲ್ಪ', 'ಜಾಸ್ತಿ' ಎಂದಷ್ಟೇ ಹೇಳಬಲ್ಲರು. ಆ ಕಾಣದ ಬಾಚಣಿಗೆ ಅದರ ಒಂದೊಂದು ಕಂಪನವನ್ನೂ ಓದುತ್ತಿತ್ತು. ಇಷ್ಟೆಲ್ಲ ಒಂದು ಆಟದ ಸಾಮಾನಿನಲ್ಲಿ! ಯಾವ ಪುಣ್ಯಾತ್ಮ, ಯಾವ ಕೋಣೆಯಲ್ಲಿ ಕೂತು, ಯಾರ ಅತ್ತೆಗಾಗಿ ಮಾಡಿದ್ದನೋ.

ಈ ನಡುವೆ ಆಟಕ್ಕೊಂದು ಅಪ್‌ಡೇಟ್ ಬಂತು. ನಿಲ್ದಾಣದ ಹಿಂದಿನ ಖಾಲಿ ಕತ್ತಲಲ್ಲಿ ಇನ್ನು ಮೇಲೆ ಶನಿಗ್ರಹ, ಅದರ ಉಂಗುರಗಳ ಸಮೇತ. ಬಿಡುತ್ತೇನೆಯೇ? ಬೆಳಗಿನ ತಿಂಡಿಯ ಮುಂಚೆಯೇ ಹಾಕಿಬಿಟ್ಟೆ.

"ಬಂದು ನೋಡಿ! ಶನಿ ಬಂತು ಮನೆಗೆ!"

"ಬೆಳಬೆಳಿಗ್ಗೆ ಒಳ್ಳೆ ಸುದ್ದಿ ತಂದ್ರಿ" ಎಂದಳು ಹೆಂಡತಿ, ಶಾಲೆಗೆ ಓಡುತ್ತಲೇ.

ಅತ್ತೆ ಮಾತ್ರ ಬೆರಗಾಗಿ ನೋಡಿದಳು. ಹೊಂಬಣ್ಣದ ಗುಂಡು, ಅದರ ಸುತ್ತ ನೂಲಿನಂಥ ನೂರಾರು ಗೆರೆಗಳು. "ಯಾರಪ್ಪಾ ಇದನ್ನ ಇಷ್ಟು ದುಂಡಗೆ ಕತ್ತರಿಸಿದ್ದು? ಒಂದು ಎಳೆ ಬಿಚ್ಚಿಲ್ಲ ನೋಡು" ಎಂದಳು. ಅದು ಕಲ್ಲು, ಮಂಜುಗಡ್ಡೆ, ಧೂಳು, ಎಲ್ಲ ಒಂದನ್ನೊಂದು ಹಿಂಬಾಲಿಸುತ್ತ ತಿರುಗುತ್ತಿವೆ ಎಂದೆ. "ಯಾರೂ ಹಿಡಿದುಕೊಂಡಿಲ್ವಾ?" "ಯಾರೂ ಇಲ್ಲ." ಅವಳ ಬಾಯಿಂದಲೂ ಅವತ್ತು ಒಂದು ಅಬ್ಬಾ ಬಂತು. ವಂಶದ ಕಾಯಿಲೆ.

ಆದರೆ ಶನಿ ಬಂದ ಗಳಿಗೆ ಸರಿಯಿರಲಿಲ್ಲವೋ ಏನೋ, ಆ ವಾರವಿಡೀ ಅತ್ತೆಯ ಗುಂಡಿ ಕಾಜಾಕ್ಕೆ ಹೋಗಲಿಲ್ಲ. ಬರೀ ಢಂ, ಢಂ.

"ಲೋ, ಈ ಕಾಜಾ ಸಣ್ಣದಾಗಿದೆ ಕಣೋ."

"ಕಾಜಾ ಎಲ್ಲಿ ಸಣ್ಣ ಆಗುತ್ತೆ ಅತ್ತೆ? ಹಿಂದೆ ಶನಿ ಅಷ್ಟು ದೊಡ್ಡದಾಗಿದೆಯಲ್ಲ, ಅದಕ್ಕೆ ಹಾಗೆ ಕಾಣುತ್ತೆ. ಕಣ್ಣಿನ ಮೋಸ" ಎಂದು ಒಂದು ಸಣ್ಣ ಭಾಷಣವನ್ನೇ ಮಾಡಿದೆ.

"ನನ್ನ ಕಣ್ಣಿಗಲ್ವೋ, ಕೈಗೆ ಸಣ್ಣ ಆಗಿದೆ."

"ದಣಿದಿದ್ದೀಯ. ನಾಳೆ ಆಡು."

ಅವಳು ನಾಳೆಯೂ ಆಡಿದಳು, ನಾಡಿದ್ದೂ ಆಡಿದಳು. ಹಲ್ಲು ಕಚ್ಚಿ, ಉಸಿರು ಹಿಡಿದು, ಶನಿಗೆ ಸಹಸ್ರನಾಮದಂತೆ ಬೈಗುಳ ಹಾಕುತ್ತ ಆಡಿದಳು. ಬೆರಳಿನ ಪಟ್ಟಿ ಬಿಚ್ಚಿದಳು. ನಿಧಾನವಾಗಿ ಗುಂಡಿ ಮತ್ತೆ ಕಾಜಾದ ಅಂಚಿಗೆ ಬಂತು, ಅಂಚು ಸವರಿತು, ಕೊನೆಗೊಂದು ಮಧ್ಯಾಹ್ನ ಒಳಗೆ ಹೋಯಿತು. ಆಮೇಲೆ ಹೋಗುತ್ತಲೇ ಇತ್ತು. ಅತಿ ಕಷ್ಟದ, ತಿರುಗುತ್ತಲೇ ಇರುವ ನಿಲ್ದಾಣಕ್ಕೂ ಹೋಯಿತು.

ಇಷ್ಟರಲ್ಲಿ ಕೆಳಗಿನ ಅಂಗಡಿಯಲ್ಲಿ ಬೇರೆಯದೇ ಹೊಲಿಗೆ ಬಿಚ್ಚುತ್ತಿತ್ತು. ಕತ್ತರಿಸುವವರಿಲ್ಲದೆ ಮಿಷನ್ ಮಾಮ ಹಳೆ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತ ಕೂತಿದ್ದರು. ಬಟ್ಟೆ ಕತ್ತರಿಸುವ ಬೇರೊಬ್ಬ ಹುಡುಗ ಅತ್ತೆಯ ಮೇಜು ಕೇಳಿಕೊಂಡು ಬಂದಿದ್ದ. ಮಾಮ ತಡೆತಡೆದು ಅತ್ತೆಯ ಮುಂದೆ ವಿಷಯ ಇಟ್ಟರು.

"ಅಕ್ಕಾ, ನಾನು ಕಾಯ್ತೀನಿ. ನಂದೇನೂ ಅವಸರ ಇಲ್ಲ. ಗಿರಾಕಿಗಳು ಕಾಯ್ತಾ ಇಲ್ಲ, ಅಷ್ಟೇ."

"ಬ್ಯಾಂಡ್ ಮಾಸ್ತರು ಕಾಯ್ತಿದ್ದಾರಲ್ಲ" ಎಂದಳು ಅತ್ತೆ.

ಹಳೆಯ ಗಿರಾಕಿ ಬ್ಯಾಂಡ್ ಮಾಸ್ತರು ಕೋಟಿಗೆಂದು ಕೊಟ್ಟಿದ್ದ ನೀಲಿ ಉಣ್ಣೆ ಬಟ್ಟೆ ಅತ್ತೆ ಬೀಳುವ ಮುಂಚಿನಿಂದ ಕಪಾಟಿನಲ್ಲಿತ್ತು. ಅದನ್ನು ನೇಯ್ದ ಗಿರಣಿ ಮುಚ್ಚಿಹೋಗಿತ್ತು. ಅಂಥದ್ದು ಇನ್ನೊಂದು ತುಂಡು ಎಲ್ಲೂ ಸಿಗದು. "ಅಕ್ಕ ಕತ್ತರಿಸಿದ್ರೆ ಮಾತ್ರ ಕೋಟು, ಇಲ್ಲಾಂದ್ರೆ ಬಟ್ಟೆ ಹಾಗೇ ಇರ್ಲಿ" ಎಂದು ಮಾಸ್ತರು ಮಾಮನಿಗೆ ಹೇಳಿ ಹೋಗಿದ್ದರು.

"ನಾಳೆ ಅದನ್ನ ಕತ್ತರಿಸ್ತೀನಿ" ಎಂದಳು ಅತ್ತೆ. "ಸರಿಯಾಗಿ ಬಂದ್ರೆ ಮೇಜು ನಂದು. ಕೆಟ್ರೆ ಮಾಸ್ತರ ಕಾಲು ಹಿಡಿದು ತಪ್ಪಾಯ್ತು ಅಂತೀನಿ, ಕತ್ತರಿ ಆ ಹುಡುಗನಿಗೆ ಕೊಟ್ಬಿಡು. ಮತ್ತೆ ಈ ಮಾತು ಎತ್ತೋದು ಬೇಡ."

ನಾನು ಮಧ್ಯೆ ಬಾಯಿ ಹಾಕಿದೆ. "ಮೊದ್ಲು ಪೇಪರ್ ಮೇಲೆ ನೋಡೋಣ ಅತ್ತೆ."

ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು, ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವಂತೆ.

"ಬಟ್ಟೆ ಕತ್ತರೀಲಿ ಪೇಪರಾ? ಮೊಂಡಾಗುತ್ತೋ ದಡ್ಡಾ!"

"ಸರಿ, ಒಂದು ಚೂರುಬಟ್ಟೆ?"

"ಚೂರುಬಟ್ಟೆ ಮೇಲೆ ಯಾರ ಕೈಯೂ ನಡುಗಲ್ಲ. ನಡುಗೋದು ಒಳ್ಳೆ ಬಟ್ಟೆ ಮೇಲೇ. ಆ ತಿರುಗೋ ಕಾಜಾಕ್ಕೆ ಗುಂಡಿ ಹಾಕಿದ ಕೈಗೆ ಇದು ಆಗಲ್ವಾ?"

ಆಟದಲ್ಲಿ ಸೋತರೆ ಮತ್ತೆ ಶುರು ಮಾಡಬಹುದು. ಸತ್ತರೂ ಹಿಂದಿನ ಮೆಟ್ಟಿಲಿನಿಂದ ಎದ್ದು ಬರಬಹುದು. ನಾನು ನೂರಾರು ಸಲ ಸತ್ತು ಊಟಕ್ಕೆ ಬಂದಿದ್ದೇನೆ. ಬಟ್ಟೆಯಲ್ಲಿ ಹಾಗಿಲ್ಲ, ಕತ್ತರಿಗೆ ಹಿಂದೆ ಹೋಗುವ ಗೇರಿಲ್ಲ. ಆದರೂ ನನಗೆ ಧೈರ್ಯವಿತ್ತು. ಆಟದಲ್ಲಿ ಅವಳು ಗಳಿಸಿದ ಅಂಕಗಳು ಎದುರಿಗಿದ್ದವಲ್ಲ!

ಮಾರನೇ ದಿನ ಭಾನುವಾರ. ಅತ್ತೆ ತಿಂಡಿ ಮುಗಿಸಿ, ಕೂದಲು ಗಂಟು ಹಾಕಿಕೊಂಡು ಮೆಟ್ಟಿಲಿಳಿದಳು. ನಾನು ಹಿಂದೆಯೇ ಹೊರಟಾಗ ಹೆಂಡತಿ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

"ರೀ, ಅತ್ತೇನ ತಡೀರಿ. ಅದು ಅವರ ಕೈ ಅಲ್ಲ."

"ಮತ್ತಿನ್ಯಾರ ಕೈ?"

"ಆಯಸ್ಕಾಂತ."

ವಿಷಯ ಹೊರಬಂತು. ಎರಡನೇ ದಿನ ಅತ್ತೆ ಅತ್ತಾಗ ಇವಳಿಗೆ ತಡೆಯಲಾಗಲಿಲ್ಲ. ಆಟದ ಸೆಟ್ಟಿಂಗಿನಲ್ಲಿ 'ನೆರವು' ಎಂದೊಂದು ಪಟ್ಟಿ ಇದೆ. ಅದನ್ನು ಬಲಕ್ಕೆ ಎಳೆದರೆ ನಿಲ್ದಾಣದ ಬಾಗಿಲು ಆಯಸ್ಕಾಂತದ ಹಾಗೆ ನೌಕೆಯನ್ನು ತಾನೇ ಸೆಳೆದುಕೊಳ್ಳುತ್ತದೆ. ಅದು ಚಿಕ್ಕ ಮಕ್ಕಳಿಗೆಂದು ಮಾಡಿದ್ದು. ನಮ್ಮ ಟೀಚರಮ್ಮ ಅದನ್ನು ಪೂರ್ತಿ ಬಲಕ್ಕೆ ಎಳೆದಿದ್ದಳು.

"ಒಂದು ನಕ್ಷತ್ರ ಕೊಡೋಣ ಅಂದ್ಕೊಂಡೆ. ಅವರು ಅದನ್ನ ನಂಬ್ಕೊಂಡು ಕತ್ತರಿ ಹಿಡಿತಾರೆ ಅಂತ ನಂಗೇನು ಗೊತ್ತು?" ಅವಳ ಕಣ್ಣು ತುಂಬಿತ್ತು.

ಲೋಕದ ತಕ್ಕಡಿಗಳನ್ನೆಲ್ಲ ನಂಬದೆ ಸೊನ್ನೆ ನೋಡುವವನು, ಮನೆಯ ತಕ್ಕಡಿಯ ಸೊನ್ನೆಯನ್ನೇ ನೋಡಿರಲಿಲ್ಲ. ತಟ್ಟೆಯ ಕೆಳಗೆ ಬೇರೆಯವರ ಕೈ ಇತ್ತು, ನಾನು ಮೇಲೆ ನಿಂತು ಅಬ್ಬಾ ಎನ್ನುತ್ತಿದ್ದೆ.

ಇಬ್ಬರೂ ಕೆಳಗೆ ಓಡಿದೆವು. ನೀಲಿ ಬಟ್ಟೆ ಮೇಜಿನ ಮೇಲೆ ಹಾಸಿ ಆಗಿತ್ತು. ಸೀಮೆಸುಣ್ಣದ ಗೆರೆಗಳು ಬಿದ್ದಿದ್ದವು. ಅವನ್ನು ಅತ್ತೆ ಹೇಳಿದಂತೆ ಮಾಮ ಎಳೆದಿದ್ದರು. ಅತ್ತೆಯ ಬಲಗೈ ಕತ್ತರಿಯ ಹಿಡಿಯೊಳಗೆ ಹೋಗಿತ್ತು.

"ಅತ್ತೆ, ತಪ್ಪಾಯ್ತು" ಎಂದು ಹೆಂಡತಿ ಶುರು ಮಾಡಿದಳು. ಎಲ್ಲವನ್ನೂ ಹೇಳಿದಳು, ಏನೂ ಮುಚ್ಚಿಡದೆ. ಅತ್ತೆ ಬೈಯುತ್ತಾಳೆ ಎಂದು ಕಾದೆವು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಒಂದೊಂದೇ ಬೆರಳನ್ನು ಹಿಡಿಯಿಂದ ಬಿಡಿಸಿಕೊಂಡಳು. ಕತ್ತರಿಯನ್ನು ಮೇಜಿನ ಮೇಲೆ ಮಾಮನ ಕಡೆಗೆ ತಳ್ಳಿದಳು.

"ಹಾಗಾದ್ರೆ ಕಾಜಾಕ್ಕೆ ಹಾಕಿದ್ದು ನಾನಲ್ಲ" ಎಂದಳು ಕೊನೆಗೆ. "ಮಡಚಿಡಪ್ಪಾ ಬಟ್ಟೆ."

ಮಾಮ ಮಡಚಲಿಲ್ಲ. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತರು.

ಆ ಹಾಳು ಆಯಸ್ಕಾಂತವನ್ನು ಕಿತ್ತುಹಾಕುತ್ತೇನೆ, ಇವತ್ತೇ ಸೊನ್ನೆಯಿಂದ ಆಡಿಸುತ್ತೇನೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಹೆಂಡತಿ ಮೂಗೊರೆಸಿಕೊಳ್ಳುತ್ತ ಹಿಂದೆ ಬಂದಳು. ಪೆಟ್ಟಿಗೆ ಹಚ್ಚಿದೆ, ಸೆಟ್ಟಿಂಗ್ ತೆಗೆದೆ, 'ನೆರವು' ಹುಡುಕಿದೆ.

ಸೊನ್ನೆ.

ಪಟ್ಟಿ ಪೂರ್ತಿ ಎಡಕ್ಕೆ ಇತ್ತು. ನನ್ನ ಕಸುಬಿನ ಕಣ್ಣು ಸೊನ್ನೆಯನ್ನು ಕಂಡರೆ ಸಂತೋಷಪಡುವುದಿಲ್ಲ, ಮೊದಲು ಅನುಮಾನಪಡುತ್ತದೆ.

"ನೀನು ಎಳೆದದ್ದು ಬಲಕ್ಕೆ ತಾನೇ?"

"ಬಲಕ್ಕೇ ರೀ, ಕೊನೇವರೆಗೂ. ಚಿತ್ರದಲ್ಲಿ ಆಯಸ್ಕಾಂತ ಕೆಂಪಾಗಿ ಮಿಂಚಿತು."

"ಆಮೇಲೆ ವಾಪಸ್ ತೆಗೆದ್ಯಾ?"

"ಅಷ್ಟು ಧೈರ್ಯ ಇದ್ದಿದ್ರೆ ಇವತ್ತು ಅಳ್ತಿದ್ನಾ?"

ನಾನಂತೂ ಮುಟ್ಟಿಲ್ಲ. ಅತ್ತೆಗೆ ಸೆಟ್ಟಿಂಗ್ ಎಂದರೆ ಹಲ್ಲಿನ ಸೆಟ್ಟು. ಹಾಗಾದರೆ ಯಾರು? ನಾನು ಆಟದ ಅಪ್‌ಡೇಟುಗಳ ಪುಟ ತೆರೆದೆ. ಅಪ್‌ಡೇಟ್ ಹಾಕುವುದರಲ್ಲಿ ನಾನು ನಿಸ್ಸೀಮ. ಅದರ ಕೆಳಗಿನ ಸಣ್ಣಕ್ಷರ ಓದುವುದರಲ್ಲಿ ಎಲ್ಲರಂತೆ. ಶನಿ ಮತ್ತು ಅದರ ಉಂಗುರಗಳ ಸುಂದರ ವರ್ಣನೆ ಮುಗಿದ ಮೇಲೆ ಕೊನೆಯಲ್ಲೊಂದು ಸಾಲು ಇತ್ತು: ಈ ಅಪ್‌ಡೇಟ್ ಹಾಕಿದಾಗ ನಿಮ್ಮ ಎಲ್ಲ ಸೆಟ್ಟಿಂಗುಗಳು ಮೊದಲಿನ ಸ್ಥಿತಿಗೆ ಮರಳುತ್ತವೆ.

ನಾನು ಆ ಸಾಲನ್ನು ಓದಿದೆ. ಮತ್ತೆ ಓದಿದೆ. ಹೆಂಡತಿಯ ಕೈ ಹಿಡಿದುಕೊಂಡು ಮೆಟ್ಟಿಲನ್ನು ಇಳಿದೆನೋ ಉರುಳಿದೆನೋ ಗೊತ್ತಿಲ್ಲ.

"ಅತ್ತೆ! ಆಯಸ್ಕಾಂತ ಇಲ್ಲ! ಯಾವಾಗ್ಲೋ ಹೋಗಿದೆ!"

"ಸಾಕು ಬಿಡೋ" ಎಂದಳು ಅವಳು, ತಲೆಯೆತ್ತದೆ. "ಒಂದ್ಸಲ ಕನಿಕರ ಮಾಡಿದ್ದಾಯ್ತು. ಮೇಲಿಂದ ಮೇಲೆ ಹೊಲಿಗೆ ಹಾಕಿದ್ರೆ ತೂತು ಮುಚ್ಚಲ್ಲ, ದೊಡ್ಡದಾಗುತ್ತೆ."

ಅವಳಿಗೆ ಏನು ತೋರಿಸಲಿ? ಸಣ್ಣಕ್ಷರದ ಆ ಸಾಲನ್ನೇ? ಅದನ್ನು ಅವಳು ಏಕೆ ನಂಬಬೇಕು? ಆಗ ನೆನಪಾಯಿತು.

"ಅತ್ತೆ, ಒಂದು ವಾರ ಗುಂಡಿ ಹೋಗ್ತಾನೇ ಇರ್ಲಿಲ್ಲ, ನೆನಪಿದೆಯಾ? ಕಾಜಾ ಸಣ್ಣ ಆಗಿದೆ ಅಂದೆ ನೀನು. ನಾನು ಕಣ್ಣಿನ ಮೋಸ ಅಂದೆ."

"ಹೂಂ. ಕಣ್ಣಿಗಲ್ಲ ಅಂತ ಹೇಳಿದೆ. ಕೇಳಿದ್ಯಾ ನೀನು?"

"ಯಾವಾಗಿಂದ ಸಣ್ಣ ಆಗಿದ್ದು?"

"ಅದೇ, ನಿನ್ನ ಆ ಶನಿ ಉಂಗುರ ಬಂದ…" ಅತ್ತೆ ಅರ್ಧಕ್ಕೇ ನಿಲ್ಲಿಸಿದಳು.



"ಉಂಗುರ ಬಂದಾಗ ಆಯಸ್ಕಾಂತ ಹೋಯ್ತು ಅತ್ತೆ. ನಂಗೂ ಗೊತ್ತಿರ್ಲಿಲ್ಲ, ಇವಳಿಗೂ ಗೊತ್ತಿರ್ಲಿಲ್ಲ. ಗೊತ್ತಾಗಿದ್ದು ನಿನ್ನ ಕೈಗೆ ಮಾತ್ರ. ಅವತ್ತಿಂದ ಇವತ್ತಿನವರೆಗೆ ಹಾಕಿದ ಗುಂಡಿ ಎಲ್ಲ ನಿಂದೇ. ತಿರುಗೋ ಕಾಜಾದ್ದೂ ನಿಂದೇ."

ಅತ್ತೆ ತನ್ನ ಬಲಗೈಯನ್ನು ತೊಡೆಯಿಂದ ಎತ್ತಿ ಕಣ್ಣೆದುರು ಹಿಡಿದಳು. ಅಂಗೈ, ಹಿಂಗೈ ತಿರುಗಿಸಿ ನೋಡಿದಳು, ಬಹಳ ದಿನದ ಮೇಲೆ ಊರಿಗೆ ಬಂದ ನೆಂಟರನ್ನು ಗುರುತು ಹಿಡಿಯುವಂತೆ. ನಾನೂ ಆ ಕೈಯನ್ನೇ ನೋಡುತ್ತಿದ್ದೆ. ಎಲ್ಲೋ ಒಳಗೆ, ಆ ಕಾಳಿನಷ್ಟು ಕತ್ತಲಿನ ಸುತ್ತ, ಹಿಂದೆಂದೂ ಕತ್ತರಿ ಹಿಡಿಯದ, ಬಟ್ಟೆಯ ವಿಷಯವೇ ಗೊತ್ತಿಲ್ಲದ ಯಾವುವೋ ಸಣ್ಣ ಜೀವಕೋಶಗಳು ಕೂತು ಕಲಿತಿದ್ದವು. ನಮ್ಮ ಪೆಟ್ಟಿಗೆಗಳಿಗೆ ಹೊಸದೇನಾದರೂ ಕಲಿಸಬೇಕಾದರೆ ಎಲ್ಲೋ ಯಾರೋ ಬರೆದು ಕಳಿಸಬೇಕು. ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಬೇಕು. ಇಲ್ಲಿ ಬರೆದವರು ಯಾರೂ ಇಲ್ಲ. ಯಾವುದನ್ನೂ ಆರಿಸಲಿಲ್ಲ. ಅವಳು ಶನಿಗೆ ಬೈಯುತ್ತಿದ್ದಾಗ, ಹಲ್ಲು ಕಚ್ಚಿದ್ದಾಗ, ನಾನು 'ದಣಿದಿದ್ದೀಯ' ಎಂದು ಜಾಣನಂತೆ ಹೇಳುತ್ತಿದ್ದಾಗ, ಅದು ಒಳಗೆ ತಾನಾಗಿ ನಡೆಯುತ್ತಿತ್ತು. ಜಗತ್ತಿನ ಅತಿ ದೊಡ್ಡ ಅಪ್‌ಡೇಟ್ ನಮ್ಮ ನಡುಮನೆಯ ಸೋಫಾದ ಮೇಲೆ ಆಗುತ್ತಿತ್ತು, ನಾನು ಪರದೆ ನೋಡುತ್ತ ಕೂತಿದ್ದೆ.

"ಆ ಕತ್ತರಿ ಈಚೆ ಕೊಡಪ್ಪಾ" ಎಂದಳು ಅತ್ತೆ.

ಮಾಮ ಕೊಡಲಿಲ್ಲ. ಮುಟ್ಟುವಂತಿರಲಿಲ್ಲವಲ್ಲ. ಪಕ್ಕಕ್ಕೆ ಸರಿದರು ಅಷ್ಟೆ. ಅತ್ತೆ ತಾನೇ ಬಾಗಿ ಎಳೆದುಕೊಂಡಳು. ಹೆಬ್ಬೆರಳು ಒಂದು ಹಿಡಿಯೊಳಗೆ, ಉಳಿದವು ಇನ್ನೊಂದರೊಳಗೆ. ಕೈ ನಡುಗಿತು. ಅವಳು ಕಾದಳು, ತಿರುಗುವ ನಿಲ್ದಾಣ ಎದುರಿಗೆ ಬರಲಿ ಎಂದು ಕಾಯುತ್ತಿದ್ದಳಲ್ಲ, ಹಾಗೆ. ನಡುಕ ಸಣ್ಣದಾಯಿತು. ನಿಲ್ಲಲಿಲ್ಲ, ಸಣ್ಣದಾಯಿತು. ಕೆಳಗಿನ ಅಲಗು ಮೇಜನ್ನು ಸವರಿಕೊಂಡು ನೀಲಿಯ ಅಂಚಿಗೆ ಬಂದು ನಿಂತಿತು.

"ಮೆತ್ತಗೆ ತಳ್ಳಬೇಕಪ್ಪಾ" ಎಂದಳು ಅವಳು, ತನಗೇ.

ಕರ್‌ರ್‌ರ್. ಆ ಸದ್ದನ್ನು ನಾನು ಎಷ್ಟು ಕಾಲದಿಂದ ಕೇಳಿರಲಿಲ್ಲವೆಂದು ಆಗಲೇ ಗೊತ್ತಾದದ್ದು. ಬಾಲ್ಯದಲ್ಲಿ ಆ ಮೇಜಿನ ಕೆಳಗೆ ಕೂತು ಆಡುವಾಗ ತಲೆಯ ಮೇಲೆ ಕೇಳಿಸುತ್ತಿದ್ದ ಸದ್ದು. ಸೀಮೆಸುಣ್ಣದ ಬಿಳಿ ಗೆರೆಯನ್ನು ಕತ್ತರಿ ಎರಡಾಗಿ ಸೀಳುತ್ತ ಹೋಯಿತು. ಭುಜದ ತಿರುವಿನಲ್ಲಿ ಒಮ್ಮೆ ಅಲುಗಿ ಗೆರೆಯಿಂದ ಹೊರಗೆ ಬಂತು. ಹೆಂಡತಿ ನನ್ನ ಕೈ ಹಿಚುಕಿದಳು. ಅತ್ತೆ ನಿಲ್ಲಿಸಲಿಲ್ಲ, ಮಣಿಕಟ್ಟನ್ನು ಎಷ್ಟು ಬೇಕೋ ಅಷ್ಟು ಓರೆ ಮಾಡಿ ಮತ್ತೆ ಗೆರೆಗೆ ತಂದಳು. ಆ ಓರೆಯನ್ನು ನಾನು ಬಲ್ಲೆ. ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೆ.

ಬಟ್ಟೆ ಎರಡು ತುಂಡಾಗಿ ಮೇಜಿನ ಮೇಲೆ ಬಿಡಿಸಿಕೊಂಡಿತು.

"ಅಬ್ಬಾ" ಎಂದಿತು ಒಂದು ದನಿ. ನನ್ನದಲ್ಲ. ಹೆಂಡತಿಯದು.

ಅತ್ತೆ ಭುಜದ ತಿರುವಿನ ಮೇಲೆ ಬೆರಳಿಟ್ಟಳು. "ಇಲ್ಲಿ ಜಾರಿದೆ. ನೋಡಪ್ಪಾ, ಮುಖಸ್ತುತಿ ಬೇಡ."

ಮಿಷನ್ ಮಾಮ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. ಇಂಚುಪಟ್ಟಿ ಹಿಡಿದು ಅಳೆದರು. ಮತ್ತೆ ನೋಡಿದರು.

"ಹೊಲಿಗೆ ಒಳಗೆ ಹೋಗುತ್ತೆ ಅಕ್ಕಾ" ಎಂದರು. "ಅಷ್ಟಕ್ಕೇ ಅಲ್ವಾ ನಾನಿರೋದು?"

ಅತ್ತೆ ಮೂಗಿನಿಂದ ಒಂದು ಸದ್ದು ಹೊರಡಿಸಿದಳು. ಅವಳ ಶಬ್ದಕೋಶದಲ್ಲಿ ಅದು ಒಪ್ಪಿಗೆ. ಬೆನ್ನಿನ ತುಂಡನ್ನು ಎಳೆದುಕೊಂಡು ಕತ್ತರಿ ತೆರೆದಳು. ತೆರೆದವಳು ಸ್ವಲ್ಪ ತಡೆದು, ನನ್ನ ಕಡೆ ನೋಡದೆಯೇ ಕೇಳಿದಳು:

"ಲೋ ಅಪ್‌ಡೇಟು, ಆ ಆಟದೋರು ಮತ್ತೆ ಏನಾದ್ರೂ ಕಳಿಸ್ತಾರಾ?"

"ಕಳಿಸ್ತಾರೆ ಅತ್ತೆ. ಮುಂದಿನ ಸಲ ಗುರುಗ್ರಹ ಅಂತೆ."

"ಬಂದ ತಕ್ಷಣ ಹಾಕು" ಎಂದಳು ಅತ್ತೆ. "ಕಾಜಾ ಇನ್ನೂ ಸಣ್ಣ ಆದ್ರೂ ಪರ್ವಾಗಿಲ್ಲ. ಈಗ ಬೆಳಕಿಗೆ ಅಡ್ಡ ನಿಲ್ಬೇಡ, ಸರಿ ಆಚೆಗೆ."

ನಾನು ಸರಿದು ನಿಂತೆ.